ತಿಳಿನೀರೆಲ್ಲ ಶುದ್ಧವಲ್ಲ

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಬಂಧುಗಳು ಕೊಳ್ಳುವ ಹಳೆಯ ಮನೆಗಳಲ್ಲಿ ಬಹುಕಾಲ ಬಳಸದ ಬಿಸಿನೀರಿನ ತೊಟ್ಟಿ, ಅಂದರೆ ಹಾಟ್ ಟಬ್, ಇರುವುದುಂಟು. ಅದಕ್ಕೆ ಹೊಸ ನೀರು ತುಂಬಿದ ಮಾತ್ರಕ್ಕೆ ಶುದ್ಧಿಯಾಗದು. 1976ರಲ್ಲಿ ಫಿಲಡೆಲ್ಫಿಯಾದಲ್ಲಿ ಅನೇಕರನ್ನು ಬಲಿತೆಗೆದುಕೊಂಡ ಲೀಜಿಯೊನೆಲ್ಲಾ ರೋಗಾಣು ಕೊಳವೆಗಳ ಒಳಗಿನ ಲೋಳೆಯಲ್ಲಿ ಅಡಗಿರಬಲ್ಲದು. ನೀರಿನ ತುಂತುರಿನೊಡನೆ ಶ್ವಾಸಕೋಶವನ್ನು ಸೇರಿ ನ್ಯುಮೋನಿಯಾ ತರಬಲ್ಲದು.

ಆದುದರಿಂದ ಮೊದಲು ವಿದ್ಯುತ್ ಸಂಪರ್ಕವನ್ನು ತಜ್ಞರಿಂದ ಪರೀಕ್ಷಿಸಬೇಕು. ನೀರು ತುಂಬಿ, ಕೊಳವೆ ತೊಳೆಯುವ ದ್ರಾವಣ ಬೆರೆಸಿ, ಪಂಪನ್ನು ಓಡಿಸಬೇಕು. ಬಳಿಕ ಆ ನೀರನ್ನು ಹೊರಹಾಕಿ, ತೊಟ್ಟಿಯನ್ನು ಉಜ್ಜಿ, ಫಿಲ್ಟರನ್ನು ಬದಲಿಸಿ, ಮತ್ತೆ ತುಂಬಬೇಕು. ಕ್ಲೋರಿನ್ ಕನಿಷ್ಠ 3 ಪಿಪಿಎಂ, ಪಿಎಚ್ 7.0ರಿಂದ 7.8 ಇರಲಿ, ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮೀರದಿರಲಿ. ಬಿಸಿನೀರಿನಲ್ಲಿ ಕ್ಲೋರಿನ್ ಬೇಗ ಕ್ಷಯಿಸುವುದರಿಂದ ಪರೀಕ್ಷಾಪಟ್ಟಿಯಿಂದ ಅಳೆಯುವುದು ನಿತ್ಯನಿಯಮವಾಗಲಿ.

ಐವತ್ತು ಮೀರಿದವರಿಗೆ ಈ ರೋಗದ ಅಪಾಯ ಹೆಚ್ಚು. ಮೊಮ್ಮಕ್ಕಳನ್ನು ಕಾಣಲು ತೆರಳುವ ಹಿರಿಯರು ಅಳತೆಯನ್ನು ಕೇಳಿ ತಿಳಿದ ಮೇಲೆಯೇ ತೊಟ್ಟಿಗಿಳಿಯಲೆಂದು ನಾವು ಹಾರೈಸುತ್ತೇವೆ.