ಚಿಪ್ಪು ನೋವಿಗೆ ಆಪರೇಷನ್ನಾ, ಚಾಪೆಯಾ?

ಮೊನ್ನೆ ಕಾರ್ಕಳದಲ್ಲಿ ಉಪನಯನದ ಊಟ. ಕಾಪುವಿನಿಂದ ಬಂದ ನನ್ನ ನಾದಿನಿ ಮಗಳು ಪಂಕ್ತಿಯಲ್ಲಿ ಕೂರದೆ ಟೇಬಲಿಗೆ ಹೋದಳು. ಪ್ರಾಯ 36 ಅಷ್ಟೆ. ಮೆಟ್ಟಿಲು ಇಳಿಯುವಾಗ, ನೆಲದಿಂದ ಏಳುವಾಗ ಮೊಣಕಾಲು ಚಿಪ್ಪಿನ ಸುತ್ತ ನೋವಂತೆ. ಕೇಳಿದ್ದೇ ತಡ, ನಮ್ಮವರು ಶುರು: "ಮಣಿಪಾಲ ಹತ್ರವೇ ಉಂಟಲ್ಲ, ಆ ಸಣ್ಣ ತೂತಿನ ಆಪರೇಷನ್ ಮಾಡಿಸಿ ಬಿಡು ಮಾರಾಯ್ತಿ. ಒಮ್ಮೆಗೇ ಮುಗೀತದೆ."

ಮುಗೀತದಾ? ಫಿನ್‌ಲ್ಯಾಂಡಿನ ಡಾಕ್ಟ್ರುಗಳು ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. ತುಂಬ ಸಮಯದಿಂದ ಚಿಪ್ಪು ನೋವಿದ್ದ 56 ಜನ. ಅರ್ಧ ಜನರಿಗೆ ತೂತಿನ ಆಪರೇಷನ್, ಮತ್ತೆ 8 ವಾರ ಮನೆಯಲ್ಲೇ ವ್ಯಾಯಾಮ. ಉಳಿದವರಿಗೆ ಬರೀ ವ್ಯಾಯಾಮ. ಎರಡೂ ಕಡೆಯವರಿಗೆ ನೋವು ಕಮ್ಮಿ ಆಯ್ತು. ಆದ್ರೆ 9 ತಿಂಗಳಿಗೆ ನೋಡಿದ್ರೂ, 5 ವರ್ಷ ಬಿಟ್ಟು ನೋಡಿದ್ರೂ ಆಪರೇಷನ್ ಆದವರು ಮುಂದೆ ಇರ್ಲಿಲ್ಲ. ಐದು ವರ್ಷದ ಲೆಕ್ಕ ಬಂದದ್ದು 2012ರಲ್ಲಿ. 56 ಜನ ದೊಡ್ಡ ಸಂಖ್ಯೆ ಅಲ್ಲ, ಒಪ್ಪಿದೆ. ಆದ್ರೂ ಖರ್ಚು ಮಾಡುವ ಮೊದಲು ಯೋಚನೆ ಮಾಡ್ಲಿಕ್ಕೆ ಅಷ್ಟು ಸಾಕು.

ಚಿಪ್ಪು ತೊಡೆ ಎಲುಬಿನ ಚಡಿಯಲ್ಲಿ ಜಾರುವಂಥದ್ದು. ಅದನ್ನು ಹಿಡಿದುಕೊಳ್ಳುದು ತೊಡೆಯ ಮತ್ತು ಸೊಂಟದ ಬದಿಯ ಸ್ನಾಯು. ತೂತು ಮಾಡಿದ್ರೆ ಆ ಸ್ನಾಯುವಿಗೆ ಬಲ ಬರ್ತದಾ?

ಎಲ್ಲರಿಗೂ ಆಪರೇಷನ್ ಬೇಡ ಅಂತ ನಾನು ಹೇಳುದಲ್ಲ. ಚಿಪ್ಪು ಮತ್ತೆ ಮತ್ತೆ ಜಾರಿ ಹೋಗುವವರು, ಬಿದ್ದು ಪೆಟ್ಟಾದವರು, ಕಾಲು ಮಡಚಿದಲ್ಲೇ ಸಿಕ್ಕಿಕೊಳ್ಳುವವರು ತಡ ಮಾಡದೆ ಡಾಕ್ಟ್ರಿಗೆ ತೋರಿಸ್ಬೇಕು. ಸವೆದು ಹೋದ ಅಜ್ಜಿಯಂದಿರ ಗಂಟು ಬದಲಿಸುವ ಕಥೆ ಬೇರೆಯೇ.

"ವ್ಯಾಯಾಮ ಮಾಡಿದೆ, ಎಂತ ಪ್ರಯೋಜನ ಆಗ್ಲಿಲ್ಲ" ಹೇಳ್ತೇವೆ. ಎಷ್ಟು ದಿನ ಮಾಡಿದ್ದು? ನನಗೆ ಕೊಟ್ಟ ಕಾಗದ ನಾಲ್ಕೇ ದಿನಕ್ಕೆ ಕ್ಯಾಲೆಂಡರಿನ ಹಿಂದೆ ಹೋಗಿತ್ತು.

ಆದ್ರೆ ತಪ್ಪು ಪೂರ್ತಿ ನಮ್ಮದೂ ಅಲ್ಲ. ಕೈ ತೊಳೆಯುವಲ್ಲಿ ಅವಳು ಮೆಲ್ಲ ಹೇಳಿದಳು: "ಅತ್ತೇ, ಆಪರೇಷನ್ ಆದ್ರೆ ಅಮ್ಮ ಬಂದು ಹದಿನೈದು ದಿನ ಅಡುಗೆ ಮಾಡ್ತಾರೆ. ವ್ಯಾಯಾಮಕ್ಕೆ ಚಾಪೆ ಹಾಸಿದ್ರೆ 'ಚಾ ಆಯ್ತಾ' ಅಂತ ಕೇಳ್ತಾರೆ."

ನನಗೆ ಅನ್ನ ಗಂಟಲಲ್ಲೇ ನಿಂತ ಹಾಗಾಯ್ತು. ಹೊಲಿಗೆ ಹಾಕಿದ ಕಾಲಿಗೆ ಸಿಗುವ ರಜೆ ನೋಯುವ ಕಾಲಿಗೆ ಯಾಕೆ ಇಲ್ಲ? ಅತ್ತೆಯಂದಿರೇ, ನಾದಿನಿಯರೇ, ಮನೆಯ ಹುಡುಗಿ ಚಾಪೆ ಹಾಸಿದ್ರೆ ದಿನಕ್ಕೆ ಇಪ್ಪತ್ತು ನಿಮಿಷ ಅವಳನ್ನು ಕರೀಬೇಡಿ. ಆ ದಿನದ ಚಾ ನಾವೇ ಇಡುವ.