ಶುಗರ್ ಇರುವ ಗಂಡಸರೇ, ಲಿವರನ್ನೂ ಒಮ್ಮೆ ವಿಚಾರಿಸಿ

ಬನ್ನಂಜೆಯಲ್ಲಿ ರಿಕ್ಷಾ ಓಡಿಸುವ ನಮ್ಮ ಪರಿಚಯದವರೊಬ್ಬರಿಗೆ ಕೆಲವು ವರ್ಷಗಳಿಂದ ಶುಗರ್. "ಮೈಯಲ್ಲಿ ತ್ರಾಣವೇ ಇಲ್ಲ ಮಾರಾಯ್ರೆ, ಮನೆಯಲ್ಲಿ ಹೇಳಲಿಕ್ಕೂ ನಾಚಿಕೆ" ಎಂದರು. ಡಾಕ್ಟರಿಗೆ ಹೇಳಿರಲಿಲ್ಲ. ಗೋಡೆಯ ಪೋಸ್ಟರ್ ನೋಡಿ ಯಾವುದೋ ಪುಡಿ ತರಿಸಿ ಮೂರು ತಿಂಗಳು ತಿಂದಿದ್ದರು. ಬೇರೆ ಕಾರಣಕ್ಕೆ ಹೊಟ್ಟೆ ಸ್ಕ್ಯಾನ್ ಮಾಡಿಸಿದಾಗ ಫ್ಯಾಟಿ ಲಿವರ್ ಎಂದು ಗೊತ್ತಾಯಿತು. ಅವರು ಕುಡಿಯುವವರೇ ಅಲ್ಲ.

ಸುಸ್ತು, ಶುಗರ್, ಲಿವರ್ ಇವು ಬೇರೆ ಬೇರೆ ಕಥೆಗಳಲ್ಲ. ಟೈಪ್ 2 ಮಧುಮೇಹ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಫ್ಯಾಟಿ ಲಿವರ್ ಇರುತ್ತದೆ. ಗಂಡಸರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಟೆಸ್ಟೋಸ್ಟೆರಾನ್ ಹಾರ್ಮೋನ್ ಕಡಿಮೆ ಎನ್ನುತ್ತವೆ ಅಧ್ಯಯನಗಳು. ಹೊಟ್ಟೆಯ ಕೊಬ್ಬು ಈ ಹಾರ್ಮೋನನ್ನು ಈಸ್ಟ್ರೋಜನ್ ಆಗಿ ಬದಲಿಸುತ್ತದೆ. ಹಾರ್ಮೋನ್ ಇಳಿದರೆ ಸ್ನಾಯು ಕರಗುತ್ತದೆ, ಹೊಟ್ಟೆಯ ಕೊಬ್ಬು ಇನ್ನೂ ಏರುತ್ತದೆ. ಅದೇ ಕೊಬ್ಬು ಲಿವರಿಗೂ ಸೇರುತ್ತದೆ. ಲಿವರ್ ಮಾತ್ರ ತುಂಬಾ ದಿನ ಸುಮ್ಮನಿರುತ್ತದೆ, ನೋವೇ ತೋರಿಸುವುದಿಲ್ಲ.

ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹ ಇದೆಯೆಂದು ಐಸಿಎಂಆರ್ ನೆರವಿನ ಅಧ್ಯಯನವೊಂದು 2023ರಲ್ಲಿ ಹೇಳಿತು. ಕೇಂದ್ರ ಸರ್ಕಾರ 2021ರಲ್ಲೇ ಫ್ಯಾಟಿ ಲಿವರನ್ನು ಸಾಂಕ್ರಾಮಿಕವಲ್ಲದ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದೆ. ಆದರೆ ನಾವು ನೋಡಿದ ಶಿಬಿರಗಳಲ್ಲಿ ಬೆರಳು ಚುಚ್ಚುತ್ತಾರೆ, ಮಾತ್ರೆ ಕೊಡುತ್ತಾರೆ, ಮುಗಿಯಿತು. ಸೊಂಟಕ್ಕೆ ಟೇಪ್ ಹಿಡಿಯುವವರಿಲ್ಲ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಶುಗರ್ ಇರುವ ಗಂಡಸರಿಗೆ ಸೊಂಟದ ಅಳತೆ, ಲಿವರ್ ರಕ್ತಪರೀಕ್ಷೆ, ಪ್ಲೇಟ್‌ಲೆಟ್ ಎಣಿಕೆ ಆಗಬೇಕು. ಲಿವರ್ ಎಷ್ಟು ಗಟ್ಟಿಯಾಗಿರಬಹುದು ಎಂಬ ಮೊದಲ ಅಂದಾಜಿಗೆ ವಯಸ್ಸಿನ ಜೊತೆ ಇವೇ ಸಾಕು. ಇನ್ನೊಂದು, ಮನೆಗೆ ಬರುವ ಆಶಾ ಅಕ್ಕನ ಹತ್ತಿರ ಗಂಡಸರು ಇದನ್ನೆಲ್ಲ ಹೇಳಲಾರರು. ಪರದೆಯ ಹಿಂದೆ ಐದು ನಿಮಿಷ ಕೇಳುವ ಪುರುಷ ಸಿಬ್ಬಂದಿ ಬೇಕು.

ಓದುವ ಅಣ್ಣಂದಿರಿಗೂ ಒಂದು ಮಾತು. ಸಲಹೆ ಇಲ್ಲದೆ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಚುಚ್ಚಿಸಿಕೊಳ್ಳಬೇಡಿ. ಅದು ವೀರ್ಯಾಣು ಉತ್ಪತ್ತಿಯನ್ನೇ ತಗ್ಗಿಸುತ್ತದೆ, ಮಕ್ಕಳಾಗಬೇಕೆಂದಿರುವವರಿಗೆ ಅದು ದೊಡ್ಡ ಪೆಟ್ಟು. ಪರೀಕ್ಷೆ ಮಾಡಿಸುವುದಾದರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಕಡಿಮೆ ಬಂದರೆ ಇನ್ನೊಂದು ದಿನ ಮತ್ತೊಮ್ಮೆ. ದಪ್ಪ ಇರುವವರು ತೂಕ ಇಳಿಸಿದರೆ ಎರಡಕ್ಕೂ ಲಾಭ: 80 ಕಿಲೋ ಇರುವವರು ಆರರಿಂದ ಎಂಟು ಕಿಲೋ ಇಳಿಸಿದರೆ ಲಿವರಿನ ಕೊಬ್ಬು ಕರಗುತ್ತದೆ, ಹಾರ್ಮೋನೂ ಸ್ವಲ್ಪ ಏರುತ್ತದೆ. ಸಂಜೆಯ ಗೋಳಿಬಜೆ ಬಿಟ್ಟು ಒಂದು ಸುತ್ತು ನಡೆಯುವುದರಿಂದ ಶುರು ಮಾಡಿ.

ಪೋಸ್ಟರಿನವನಿಗೆ ಫೋನ್ ಮಾಡಿ ಹೇಳುವ ಮಾತನ್ನು ಡಾಕ್ಟರ ಎದುರು ಹೇಳಿ. ನಾಚಿಕೆ ಐದು ನಿಮಿಷದ್ದು, ಲಿವರ್ ಜೀವನಪೂರ್ತಿ ಬೇಕು.