ಹಳೆಯ ಹಾಡು, ಹೊಸ ರಟ್ಟು

ಒಮ್ಮೆ ಕೊಂಡ ಹಾಡನ್ನು ನಮ್ಮಿಂದಲೇ ಮತ್ತೊಮ್ಮೆ, ಮಗುದೊಮ್ಮೆ ಕೊಳ್ಳಿಸುವ ವ್ಯಾಪಾರಕ್ಕೆ ಈಗ 'ರೀಪ್ಯಾಕೇಜ್' ಎಂಬ ಮರ್ಯಾದೆಯ ಹೆಸರು ಬಂದಿದೆ. ಕೊರಿಯಾದ ಎಕ್ಸೋ ತಂಡದ ಆಲ್ಬಂ 2013ರ ಜೂನ್‌ನಲ್ಲಿ ಬಂತು. ಆಗಸ್ಟ್‌ನಲ್ಲಿ ಅದೇ ಆಲ್ಬಂ ಕೆಲವು ಹೊಸ ಹಾಡುಗಳನ್ನು ಸೇರಿಸಿಕೊಂಡು ಮತ್ತೆ ಅಂಗಡಿಗೆ ಬಂತು. 2022ರಲ್ಲಿ ಅಮೆರಿಕದ ಟೇಲರ್ ಸ್ವಿಫ್ಟ್ ಅವರ 'ಮಿಡ್‌ನೈಟ್ಸ್' ನಾಲ್ಕು ಹೊದಿಕೆಗಳಲ್ಲಿ ಹೊರಟಿತು. ನಾಲ್ಕರ ಬೆನ್ನನ್ನೂ ಜೋಡಿಸಿದರೆ ಗಡಿಯಾರವಾಗುತ್ತದೆಯಂತೆ! ಗಡಿಯಾರ ಬೇಕಾದವರು ಅವೇ ಹಾಡುಗಳಿಗೆ ನಾಲ್ಕು ಸಲ ಹಣ ತೆರಬೇಕು.

ಮನೆಯ ಮಕ್ಕಳು ಇದಕ್ಕೆ ಮರುಳಾಗುತ್ತಾರೆಂದು ಹಿರಿಯರು ಗೊಣಗುವುದನ್ನು ಕೇಳಿದ್ದೇನೆ. ಹಾಗೆ ಗೊಣಗುವ ಹಕ್ಕು ನಮಗಿದೆಯೇ? ನಿಸಾರ್ ಅಹಮದರ 'ನಿತ್ಯೋತ್ಸವ'ವು ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ 1978ರಲ್ಲಿ ಧ್ವನಿಸುರುಳಿಯಾಯಿತು. ಅಲ್ಲಿಂದ ಭಾವಗೀತೆ ಕನ್ನಡಿಗರ ಮನೆಮನೆಯನ್ನು ಹೊಕ್ಕಿತು. ಬೇಗೂರಿನ ನಮಗೆ ಬಾವಲಿ ದಾಟಿ, ಕಾಡುದಾರಿ ಹಿಡಿದು ಮೈಸೂರಿಗೆ ಹೋದವರು ತಂದರೆ ಉಂಟು, ಇಲ್ಲವಾದರೆ ಇಲ್ಲ. ಅಂಥದೊಂದು ಪಯಣದಲ್ಲಿ ನಾನು 'ಆಯ್ದ ಭಾವಗೀತೆಗಳು' ಎಂಬ ಕ್ಯಾಸೆಟ್ ಕೊಂಡು ತಂದೆ. ಹನ್ನೆರಡು ಹಾಡುಗಳಲ್ಲಿ ಒಂಬತ್ತು ನನ್ನ ಪೆಟ್ಟಿಗೆಯಲ್ಲಿ ಆಗಲೇ ಇದ್ದವು. ಅದೇ ದನಿ, ಅದೇ ಧ್ವನಿಮುದ್ರಣ. ಹೊಸ ರಟ್ಟಿನ ಮೇಲೆ ಗಾಯಕರ ಭಾವಚಿತ್ರವಿತ್ತು, ಕವಿಗಳ ಹೆಸರಿರಲಿಲ್ಲ.

ನನ್ನ ಮುಖ್ಯ ತಕರಾರು ಇದೇ. ಕೊರಿಯಾದ ಕಂಪನಿ ಒಂದೆರಡು ಹಾಡನ್ನಾದರೂ ಕೂಡಿಸುತ್ತದೆ. ನಮ್ಮ ವ್ಯಾಪಾರಿ ಇದ್ದುದನ್ನೂ ಕಳೆದು ಮಾರುತ್ತಾನೆ. ಮಲಯಾಳದಲ್ಲಿ ಓದು ಕಲಿಯುವ ನಮ್ಮ ಮಕ್ಕಳಿಗೆ ಬೇಂದ್ರೆ, ಕೆ.ಎಸ್. ನರಸಿಂಹಸ್ವಾಮಿ ಎಂಬ ಹೆಸರುಗಳು ದೊರೆಯುವುದು ಹಾಡಿನ ಹೊದಿಕೆಯಿಂದಲೇ. ಅದೂ ಅಳಿಸಿಹೋದರೆ, 1942ರಲ್ಲಿ ಪುಸ್ತಕವಾಗಿ ಬಂದ 'ಮೈಸೂರು ಮಲ್ಲಿಗೆ'ಯನ್ನು ಮಗು ಸಿ. ಅಶ್ವತ್ಥರ ಕ್ಯಾಸೆಟ್ಟೆಂದೇ ತಿಳಿದು ಬೆಳೆಯುತ್ತದೆ.

ಹಳೆಯದನ್ನು ಮತ್ತೆ ತರುವುದು ತಪ್ಪೇ ಎಂದು ಕೇಳುವವರುಂಟು. ಖಂಡಿತ ತಪ್ಪಲ್ಲ, ಸುರುಳಿಗೆ ಬೂಷ್ಟು ಹಿಡಿಯುತ್ತದೆ, ಯಂತ್ರ ಮೂಲೆ ಸೇರುತ್ತದೆ. ಪುಸ್ತಕವೂ ಮರುಮುದ್ರಣವಾಗುತ್ತದೆ, ಆದರೆ ಎರಡನೆಯ ಮುದ್ರಣವೆಂದು ಅದರ ಒಳಪುಟ ಹೇಳುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಯ 52ಎ ವಿಧಿಯಂತೆ ಧ್ವನಿಮುದ್ರಿಕೆಯ ಮೇಲೂ ಅದರ ಪೆಟ್ಟಿಗೆಯ ಮೇಲೂ ತಯಾರಕರು, ಹಕ್ಕುದಾರರು, ಮೊದಲು ಪ್ರಕಟವಾದ ವರ್ಷ ಇವಿಷ್ಟೂ ಇರಲೇಬೇಕು. ಆ ವರ್ಷವನ್ನು ಕಣ್ಣಿಗೆ ಕಾಣುವ ಅಕ್ಷರದಲ್ಲಿ ಅಚ್ಚು ಹಾಕಿದರೆ 'ಹೊಸತು' ಎಂಬ ಬಣ್ಣ ಅಲ್ಲಿಯೇ ಕಳಚೀತು. ಕವಿಯ ಹೆಸರನ್ನು ಮಾತ್ರ ಆ ವಿಧಿ ಕೇಳುವುದಿಲ್ಲ. ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು 57ನೆಯ ವಿಧಿ ಕೊಟ್ಟಿದೆ, ನಿಜ; ಅದಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತುವುದು ಎಷ್ಟು ಕವಿಗಳಿಂದ ಆದೀತು?

ಕೇಳಬೇಕಾದವರು ಕೊಳ್ಳುವ ನಾವು. ಸಮ್ಮೇಳನದ ಪುಸ್ತಕ ಮಳಿಗೆಯ ಪಕ್ಕದಲ್ಲಿ ಸಿ.ಡಿ., ಪೆನ್‌ಡ್ರೈವ್ ಮಾರುವವರೂ ಕುಳಿತಿರುತ್ತಾರೆ. ಹಣ ಕೊಡುವ ಮುನ್ನ ರಟ್ಟನ್ನು ತಿರುಗಿಸಿ ನೋಡಿ, ಕವಿ ಯಾರೆಂದು ಅವರನ್ನೇ ಕೇಳಿ. ಉತ್ತರ ಬಾರದಿದ್ದರೆ ಇದ್ದಲ್ಲಿಯೇ ಇಟ್ಟು ಬನ್ನಿ.